ಈಜು ಬಾರದವರ ದ್ವೀಪ

ದ್ವೀಪ ಪ್ರವಾಸದ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ನೀಲಿ ನೀರು, ಬಾಗಿದ ತೆಂಗಿನಮರ, ಮರದ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದವನೊಬ್ಬ. ಪಕ್ಕದಲ್ಲಿ ಅಲ್ಲಿ ಮಾಡಬಹುದಾದ ಮೋಜುಗಳ ಪಟ್ಟಿ: ಸ್ಕೂಬಾ ಡೈವಿಂಗ್, ಪ್ಯಾರಾಸೇಲಿಂಗ್, ಜೆಟ್ ಸ್ಕೀ, ಬನಾನಾ ಬೋಟು. ಪಟ್ಟಿಯನ್ನು ಎರಡು ಸಲ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಇದೆಲ್ಲ ನಡುವಯಸ್ಸಿನವರಿಗೆ. ಎಂಟು ವರ್ಷದ ಹುಡುಗಿಗೆ ‘ಇನ್ನೂ ಚಿಕ್ಕವಳು, ಬೇಡ’ ಅನ್ನುತ್ತಾರೆ. ಎಪ್ಪತ್ತಮೂರರ ಮುದುಕನಿಗೆ ‘ವಯಸ್ಸಾಯಿತು, ಬೇಡ’ ಅನ್ನುತ್ತಾರೆ. ಹಾಗಾದರೆ ಈ ಎರಡು ತುದಿಯವರು ದ್ವೀಪಕ್ಕೆ ಹೋಗಿ ಮಾಡುವುದೇನು? ಎಲ್ಲರ ಚೀಲ, ಚಪ್ಪಲಿ ಕಾಯುವುದೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ ಕಳೆದ ಡಿಸೆಂಬರ್ ರಜೆಯಲ್ಲಿ ನನಗೆ ಸಿಕ್ಕಿತು. ಅದನ್ನು ಹೇಳುವ ಮೊದಲು ನನ್ನ ಊರಿನ ಬಗ್ಗೆ ಎರಡು ಮಾತು.

ನಾನು ಪಾವಗಡ ತಾಲ್ಲೂಕಿನ ನಾಗಲಮಡಿಕೆಯವನು. ಸುಬ್ರಹ್ಮಣ್ಯನ ಭಕ್ತರಿಗೆ ನಮ್ಮೂರು ಗೊತ್ತು. ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ನಮ್ಮದು ಅಂತ್ಯ ಸುಬ್ರಹ್ಮಣ್ಯ. ಊರು ಇರುವುದು ಉತ್ತರ ಪಿನಾಕಿನಿಯ ದಂಡೆಯಲ್ಲಿ. ‘ನದಿ ದಂಡೆ’ ಎಂದ ಕೂಡಲೇ ನೀರನ್ನು ಕಲ್ಪಿಸಿಕೊಳ್ಳಬೇಡಿ. ಮಳೆ ಒಲಿದ ವರ್ಷ ಹೊಳೆ, ಉಳಿದ ವರ್ಷ ಮರಳು. ನಮ್ಮ ಹಿರಿಯರಿಗೆ ನೀರಿನ ಆಸೆ ಎಷ್ಟಿತ್ತೆಂದರೆ ಕೆರೆ ಕಟ್ಟಿಸಿ ಅದಕ್ಕೆ ‘ಸಮುದ್ರ’ ಎಂದೇ ಹೆಸರಿಡುತ್ತಿದ್ದರು. ನಮ್ಮ ಹೋಬಳಿಯಲ್ಲೇ ಬಳಸಮುದ್ರ ಎಂಬ ಊರಿದೆ. ಇವತ್ತು ಆ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ನೀಲಿ ಕಾಣುತ್ತದೆ ನಿಜ. ಆದರೆ ಅದು ನೀರಲ್ಲ, ಸೋಲಾರ್ ಪಾರ್ಕಿನ ಫಲಕಗಳು. ಸುಮಾರು 13,000 ಎಕರೆ, 2,050 ಮೆಗಾವಾಟ್. ಮಳೆಯ ದೇವರು ಕೊಡದಿದ್ದದ್ದನ್ನು ಬಿಸಿಲಿನ ದೇವರು ಬೇರೆ ಲೆಕ್ಕದಲ್ಲಿ ಜಮಾ ಮಾಡಿದ್ದಾನೆ.

ಇನ್ನೊಂದು ಸಂಗತಿ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಒಂದು ಕಡೆ ಚಿತ್ರದುರ್ಗ ಜಿಲ್ಲೆ, ಉಳಿದ ಕಡೆಯೆಲ್ಲ ಆಂಧ್ರ. ನಾವು ಮಧುಗಿರಿಗೆ ಹೋಗಬೇಕಾದರೂ ನಡುವೆ ಆಂಧ್ರದ ನೆಲ ದಾಟಬೇಕು. ಮಕ್ಕಳೇ, ಒಮ್ಮೆ ನಕ್ಷೆ ತೆಗೆದು ನೋಡಿ. ಒಂದು ಲೆಕ್ಕದಲ್ಲಿ ನಾನು ಹುಟ್ಟು ದ್ವೀಪವಾಸಿಯೇ! ಸುತ್ತ ನೀರಿಲ್ಲ, ಅಷ್ಟೆ.

ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ. ಪ್ರವಾಸಕ್ಕೆಂದು ಬ್ಯಾಂಕು ಕೊಡುತ್ತಿದ್ದ ಎಲ್‌ಎಫ್‌ಸಿ ಸೌಲಭ್ಯವನ್ನು ಪ್ರತಿ ಸಲವೂ ನಗದು ಮಾಡಿಕೊಂಡೆ. ಒಂದು ಸಲದ ದುಡ್ಡು ಬೋರ್‌ವೆಲ್ಲಿಗೆ, ಇನ್ನೊಂದು ಸಲದ್ದು ಮಗನ ಕಾಲೇಜಿಗೆ, ಮತ್ತೊಂದು ಸಲದ್ದು ತಂಗಿಯ ಮದುವೆಗೆ. ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ‘ಸಮುದ್ರ ಹೇಗಿರುತ್ತೆ?’ ಎಂದು ಕೇಳಿದ್ದಳು. ಆ ಪ್ರಶ್ನೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಕಿ ಖಾತೆಯಲ್ಲಿಯೇ ಇತ್ತು.

ಬೆಂಗಳೂರಿನಲ್ಲಿರುವ ಮಗ ಈ ಸಲ ‘ಎಲ್ಲರೂ ಸೇರಿ ದ್ವೀಪಕ್ಕೆ ಹೋಗೋಣ’ ಎಂದ. ಅಂಡಮಾನ್, ಮಾಲ್ಡೀವ್ಸ್ ಎಂದೆಲ್ಲ ಹೆಸರು ಬಂದವು. ವಿಮಾನದ ದರ ನೋಡಿ ಅವನೇ ಸುಮ್ಮನಾದ. ಕೊನೆಗೆ ನಮ್ಮ ರಾಜ್ಯದ್ದೇ ದ್ವೀಪ ಎಂದು ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಗೊತ್ತಾಯಿತು. ಹೊರಡುವ ಹಿಂದಿನ ದಿನ ಮಗ ಸೊಸೆ ಮಾತಾಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು: ‘ಅಪ್ಪ ಅಮ್ಮನಿಗೆ ದೋಣಿ ಹತ್ತೋಕೆ ಕಷ್ಟ. ಅವರು ರೂಮಿನಲ್ಲೇ ಇರಲಿ. ಅಲ್ಲಿ ಬಂದು ಅವರು ಮಾಡೋದಾದ್ರೂ ಏನು?’ ಕಾಳಜಿಯ ಮಾತೇ, ಆದರೂ ಚುಚ್ಚಿತು. ನಾಲ್ಕನೇ ಕ್ಲಾಸಿನ ಮೊಮ್ಮಗಳು, ಏಳನೇ ಕ್ಲಾಸಿನ ಮೊಮ್ಮಗ ಇಬ್ಬರಿಗೂ ಅದೇ ಚಿಂತೆ. ‘ತಾತ, ಅಲ್ಲಿ ಜಾರುಬಂಡೆ ಇಲ್ವಂತೆ. ಬರೀ ಕಲ್ಲಂತೆ.’ ನಾನು ಸುಮ್ಮನೆ ಒಂದು ಇನ್ನೂರು ಪುಟದ ನೋಟ್ ಬುಕ್ಕು, ಪೆನ್ಸಿಲ್ಲು, ಅಳತೆ ಟೇಪು, ನಾಲ್ಕು ಕವಡೆ ಚೀಲಕ್ಕೆ ಹಾಕಿಕೊಂಡೆ. ಹೆಂಡತಿ ಪಾವಗಡದ ಫಿಲ್ಟರ್ ನೀರಿನ ಐದು ಲೀಟರ್ ಕ್ಯಾನ್ ಇಟ್ಟುಕೊಂಡಳು. ನಮ್ಮ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಎಲ್ಲಿಗೆ ಹೊರಟರೂ ಕುಡಿಯುವ ನೀರು ಮೊದಲು, ಬಟ್ಟೆ ಆಮೇಲೆ.

ಹಿರಿಯೂರು, ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಇಳಿದೆವು. ಘಾಟಿಯಲ್ಲಿ ಹದಿನಾಲ್ಕು ತಿರುವು. ನಮ್ಮ ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆಯನ್ನು ಒಂದೇ ಕಡೆ ನಿಲ್ಲಿಸಿದರೆ ಮೊಣಕಾಲು ಮುಳುಗೀತು. ಆಗುಂಬೆಯದನ್ನು ನಿಲ್ಲಿಸಿದರೆ ಎರಡು ಅಂತಸ್ತಿನ ಮನೆ ಮುಳುಗುತ್ತದೆ. ಒಂದೇ ರಾಜ್ಯ, ಒಂದೇ ಹಗಲಿನ ಪ್ರಯಾಣ!

ಮೊದಲ ಆಟ ಆಡಿದ್ದು ಮಲ್ಪೆಯ ಕೋಣೆಯಲ್ಲಿ, ರಾತ್ರಿ ಊಟವಾದ ಮೇಲೆ. ಹಳೆಯ ಅಟ್ಲಾಸಿನಿಂದ ಭಾರತವನ್ನೂ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪವನ್ನೂ ತೆಳು ಕಾಗದದ ಮೇಲೆ ಬರೆದುಕೊಂಡು ಕತ್ತರಿಸಲು ಮಕ್ಕಳಿಗೆ ಹೇಳಿದೆ. ‘ಈಗ ಮಡಗಾಸ್ಕರಿನ ಪೂರ್ವದ ಅಂಚನ್ನು ನಮ್ಮ ಪಶ್ಚಿಮ ಕರಾವಳಿಗೆ ಒತ್ತಿ ಇಡಿ.’ ಇಟ್ಟರು. ಹರಿದ ನೋಟಿನ ಎರಡು ತುಂಡು ಕೂಡಿಸಿದ ಹಾಗೆ ಸುಮಾರಾಗಿ ಕೂತಿತು. ಒಂದು ಕಾಲದಲ್ಲಿ ಇವೆರಡೂ ಒಂದೇ ನೆಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ನೆಲ ಹರಿದು ದೂರ ಸರಿಯುವಾಗ ಆಳದಿಂದ ಕಾದ ಶಿಲಾರಸ ಉಕ್ಕಿತು. ಹಾಗೆ ಉಕ್ಕಿ ಆರಿದ ಕಲ್ಲೇ ನಾವು ಮರುದಿನ ನೋಡಲಿರುವ ದ್ವೀಪ. ‘ಅಂದ್ರೆ ಅದು ಗಾಯದ ಕಲೆ ಇದ್ದ ಹಾಗಾ ತಾತ?’ ಎಂದಳು ಚಿಕ್ಕವಳು. ನಾನು ಮುವ್ವತ್ತಾರು ವರ್ಷ ಲೆಡ್ಜರ್ ಬರೆದರೂ ಇಷ್ಟು ಚಿಕ್ಕದಾಗಿ ಬರೆಯಲು ಕಲಿತಿರಲಿಲ್ಲ.

ಎರಡನೆಯ ಆಟ ಬೆಳಗ್ಗೆ ಕಡಲ ದಂಡೆಯಲ್ಲಿ. ಇಷ್ಟು ಹೊತ್ತಿಗೆ ನನ್ನ ಹೆಂಡತಿ ಸಮುದ್ರ ನೋಡಿ ಆಗಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಇಷ್ಟು ನೀರು ಇಟ್ಕೊಂಡು ಒಂದು ಕೊಡ ನಮ್ಮ ಕಡೆ ಕಳಿಸೋಕೆ ಆಗಲಿಲ್ವಲ್ಲ’ ಎಂದು ಅದನ್ನೇ ಗದರಿದಳು. ನಾವು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟೆವು. ಅರ್ಧ ಗಂಟೆಗೊಮ್ಮೆ ಅಲೆಯ ಅಂಚಿಗೆ ಹೊಸ ಕಡ್ಡಿ, ನಡುವಿನ ದೂರ ಟೇಪಿನಿಂದ ಅಳೆದು ಪುಸ್ತಕಕ್ಕೆ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಸೆಳೆತವೇ ಮುಖ್ಯ ಕಾರಣ. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಭರತವೂ ಮರುದಿನ ಅಷ್ಟೇ ತಡ. ‘ನಮ್ಮ ಸ್ಕೂಲ್ ಬಸ್ಸಿನ ಹಾಗಲ್ಲ. ತಡ ಆದರೂ ಲೆಕ್ಕವಾಗಿ ತಡ ಆಗುತ್ತೆ’ ಎಂದ ಮೊಮ್ಮಗ.

ಮೂರನೆಯದು ದೋಣಿ ಎಣಿಸುವ ಆಟ. ಮರಳಿನ ಮೇಲೆ ಕೂತು ದೂರದ ಮೀನುಗಾರಿಕೆ ದೋಣಿಗಳನ್ನು ಎಣಿಸಿ. ಎದ್ದು ನಿಂತು ಎಣಿಸಿ. ಆಮೇಲೆ ಅಪ್ಪನ ಹೆಗಲೇರಿ ಎಣಿಸಿ. ಎತ್ತರಕ್ಕೆ ಹೋದಂತೆ ಲೆಕ್ಕ ಏರುತ್ತದೆ. ಭೂಮಿ ದುಂಡಗಿರುವುದರಿಂದ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 4 ಕಿ.ಮೀ. ದೂರದವರೆಗಿನ ನೀರು ಕಾಣುತ್ತದೆ. ಹೆಗಲೇರಿದರೆ 5 ಕಿ.ಮೀ. ದಾಟುತ್ತದೆ. ದೂರದ ದೋಣಿಯ ಕಂಬ ಮೊದಲು, ಒಡಲು ಆಮೇಲೆ ಕಾಣುವುದೂ ಇದೇ ಕಾರಣಕ್ಕೆ. ಪಾಠದಲ್ಲಿ ಓದಿದ್ದನ್ನು ಅಪ್ಪನ ಹೆಗಲ ಮೇಲೆ ಕೂತು ಪರೀಕ್ಷೆ ಮಾಡುವ ಸುಖವೇ ಬೇರೆ. ಅಪ್ಪನ ಹೆಗಲಿಗೆ ಸ್ವಲ್ಪ ಕಷ್ಟ, ಅದು ಅವನ ಪಾಲಿನ ಸಾಹಸ ಕ್ರೀಡೆ!

ಬಂದರಿನ ಮೇಲೆ ಗರುಡಗಳು ಸುತ್ತುತ್ತಿದ್ದವು. ನಮ್ಮ ಕಡೆ ತೇರು ಎಳೆಯುವ ಹೊತ್ತಿಗೆ ಆಕಾಶದಲ್ಲಿ ಒಂದು ಗರುಡ ಕಂಡರೆ ಸಾಕು, ಜನ ಕೈ ಮುಗಿಯುತ್ತಾರೆ. ಇಲ್ಲಿ ಮೀನಿನ ಆಸೆಗೆ ಹತ್ತಾರು ಒಟ್ಟಿಗೆ. ಹೆಂಡತಿ ಮೊದಲ ನಾಲ್ಕಕ್ಕೆ ಕೈ ಮುಗಿದಳು. ಆಮೇಲೆ ‘ಎಲ್ಲಕ್ಕೂ ಸೇರಿಸಿ ಒಂದೇ ಸಲ’ ಎಂದು ಮುಗಿಸಿದಳು.

ಇನ್ನು ದ್ವೀಪ. ಮಲ್ಪೆಯಿಂದ ಸುಮಾರು 6 ಕಿ.ಮೀ., ದೋಣಿಯಲ್ಲಿ ಅರ್ಧ ಗಂಟೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಮಗ ಮತ್ತೊಮ್ಮೆ ‘ಅಮ್ಮ, ನೀವಿಬ್ಬರೂ ರೂಮಿನಲ್ಲಿ…’ ಎಂದು ಶುರು ಮಾಡಿದ. ಅಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು, ಲೈಫ್ ಜಾಕೆಟ್ಟಿನ ಕೊಂಡಿ ಹೇಗೆ ಹಾಕುವುದೆಂದು ಮೊಮ್ಮಗಳನ್ನೇ ಕೇಳುತ್ತಿದ್ದಳು. ಮಂಡಿನೋವಿನವಳು ಹಲಗೆ ದಾಟುವಾಗ ದೋಣಿಯ ಹುಡುಗ ಒಂದು ಕೈ, ಮೊಮ್ಮಗ ಒಂದು ಕೈ ಹಿಡಿದರು. ದ್ವೀಪದ ಹತ್ತಿರ ನೀರು ಆಳವಿಲ್ಲವೆಂದು ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿಸಿದರು. ಅದನ್ನೂ ದಾಟಿದಳು.

ಇಲ್ಲಿ ಸಾಲಾಗಿ ಹಲವು ದ್ವೀಪಗಳಿವೆ. ನಾವು ಇಳಿದದ್ದು ತೆಂಗಿನಮರಗಳ ದ್ವೀಪದಲ್ಲಿ. ಇಡೀ ಗುಂಪಿಗೆ ತೋನ್ಸೆಪಾರ್ ಎಂಬ ಸ್ಥಳೀಯ ಹೆಸರೂ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಸಂತ ಮೇರಿಯ ಹೆಸರಿಟ್ಟ ಎಂದು ಹೇಳುತ್ತಾರೆ. ‘ದ್ವೀಪ’ ಎಂಬ ಸಂಸ್ಕೃತ ಪದಕ್ಕೆ ಎರಡೂ ಕಡೆ ನೀರುಳ್ಳದ್ದು ಎಂದು ಅರ್ಥ. ನಮ್ಮ ಕನ್ನಡದ ‘ನಡುಗಡ್ಡೆ’ ನೀರಿನ ಮಾತೇ ಎತ್ತುವುದಿಲ್ಲ, ನಡುವಿನ ಗಡ್ಡೆ ಅನ್ನುತ್ತದೆ. ನಮ್ಮ ಸೋಲಾರ್ ಪಾರ್ಕಿನ ನಡುವೆ ನಿಂತ ಊರುಗಳನ್ನು ನೋಡಿದಾಗಲೆಲ್ಲ ನನಗೆ ಈ ಪದವೇ ನೆನಪಾಗುತ್ತದೆ.

ಕಾಲಿಟ್ಟ ಕೂಡಲೇ ಮಕ್ಕಳು ಬಾಯಿ ತೆರೆದು ನಿಂತರು. ದಂಡೆಯಲ್ಲಿ ಕಲ್ಲಿನ ಕಂಬಗಳು, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದಂತೆ. ಬಡಗಿ ಹತ್ತರಿ ಹಿಡಿದು ಮಟ್ಟ ಮಾಡಿದ ಹಾಗೆ ನೇರವಾದ ಮುಖಗಳು. ಕೆಲವು ಆಳೆತ್ತರಕ್ಕೂ ಮಿಗಿಲು, ಕೆಲವು ಮೆಟ್ಟಿಲಿನಷ್ಟು ಗಿಡ್ಡ. ‘ಇದನ್ನ ಯಾರು ಕೆತ್ತಿದ್ದು?’ ಎಂದು ಚಿಕ್ಕವಳು ಕೇಳಿದಳು.

ನಾಲ್ಕನೆಯ ಆಟ ಅಲ್ಲಿಂದ ಶುರು. ಒಣಗಿದ, ಜಾರದ ಕಡೆ ಮಾತ್ರ ನಿಂತು ಪ್ರತಿ ಕಂಬಕ್ಕೆ ಎಷ್ಟು ಮುಖ ಎಂದು ಎಣಿಸುವುದು. ಪುಸ್ತಕದಲ್ಲಿ ಕಾಲಂ ಹಾಕಿಕೊಟ್ಟೆ: ನಾಲ್ಕು, ಐದು, ಆರು, ಏಳು. ಚಿಕ್ಕವಳು ಎಣಿಸಿ ಕೂಗುವುದು, ದೊಡ್ಡವನು ಗೀಟು ಹಾಕುವುದು, ಅಜ್ಜಿ ನೆರಳಿನಲ್ಲಿ ಕೂತು ‘ಆ ಮೂಲೆಯದು ಬಿಟ್ಟೋಯ್ತು’ ಎಂದು ಆಡಿಟ್ ಮಾಡುವುದು. ಒಂದು ಗಂಟೆಯಲ್ಲಿ ಆರರ ಕಾಲಮ್ಮು ಎಲ್ಲಕ್ಕಿಂತ ಉದ್ದ ಬೆಳೆಯಿತು. ಅದರ ಹಿಂದೆ ಐದರದು.

‘ಯಾಕೆ ಆರೇ?’ ಎಂದ ಮೊಮ್ಮಗ. ನಾನು ‘ನಮ್ಮೂರ ಕೆರೆ ಬೇಸಿಗೆಯಲ್ಲಿ ಹೇಗೆ ಕಾಣುತ್ತೆ, ನೆನಪು ಮಾಡ್ಕೋ’ ಎಂದೆ. ಅವನು ಕೆರೆ ಒಣಗಿದ್ದು ನೋಡಿದ್ದ, ಆದರೆ ಬಗ್ಗಿ ನೋಡಿರಲಿಲ್ಲ. ನೀರು ಬತ್ತಿದ ಕೆರೆಯಂಗಳದ ಗೋಡು ಮಣ್ಣು ಒಣಗುತ್ತಾ ಕುಗ್ಗುತ್ತದೆ. ಕುಗ್ಗಲು ಜಾಗ ಬೇಕು, ಅದಕ್ಕೆ ಬಿರಿಯುತ್ತದೆ. ಇಲ್ಲಿ ಕಲ್ಲಿಗೂ ಅದೇ ಆದದ್ದು. ಮಣ್ಣು ನೀರು ಕಳೆದುಕೊಂಡು ಕುಗ್ಗಿತು, ಶಿಲಾರಸ ಬಿಸಿ ಕಳೆದುಕೊಂಡು ಕುಗ್ಗಿತು. ಎಲ್ಲ ಕಡೆ ಒಂದೇ ಸಮನಾಗಿ ಕುಗ್ಗುವಾಗ ಮೂರು ಬಿರುಕುಗಳು ಒಂದು ಕಡೆ ಸೇರುವುದು ಸುಲಭದ ಏರ್ಪಾಡು. 360 ಡಿಗ್ರಿಯನ್ನು ಮೂವರಿಗೆ ಸಮ ಪಾಲು ಹಾಕಿದರೆ ತಲಾ 120. ಮೂಲೆ 120 ಆದರೆ ಆಕಾರ ಆರು ಮುಖದ್ದು, ಜೇನುಗೂಡಿನ ಹಾಗೆ. ಮೇಲಿನಿಂದ ಹುಟ್ಟಿದ ಬಿರುಕು ಕಲ್ಲು ಆರಿದಂತೆಲ್ಲ ಕೆಳಕ್ಕಿಳಿಯಿತು. ಹಾಗಾಗಿ ಕಂಬ. ಉತ್ತರ ಐರ್ಲೆಂಡಿನಲ್ಲಿ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ ಸುಮಾರು 40,000 ಕಂಬಗಳಿವೆ. ರಾಕ್ಷಸ ಕಟ್ಟಿದ ಹಾದಿ ಎಂದು ಅಲ್ಲಿಯವರು ಕಥೆ ಹೇಳುತ್ತಾರೆ. ನಮ್ಮ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಕರ್ನಾಟಕದಲ್ಲಿ ಅಂಥ ಇನ್ನೊಂದು ಸ್ಮಾರಕದ ಬಳಿಯೇ ನಾವು ಹಿಂದಿನ ದಿನ ಹಾದು ಬಂದಿದ್ದೆವು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ಮರಡಿಹಳ್ಳಿ ಇದೆ. ಅಲ್ಲಿಯ ಕಲ್ಲುಗಳು ದಿಂಬು ಪೇರಿಸಿದ ಹಾಗಿವೆ. ಶಿಲಾರಸ ನೀರಿನ ಅಡಿಯಲ್ಲಿ ಉಕ್ಕಿದರೆ ಮಾತ್ರ ಹಾಗೆ ದಿಂಬು ದಿಂಬಾಗಿ ಆರುತ್ತದೆ. ಅದಕ್ಕೆ ಸುಮಾರು 250 ಕೋಟಿ ವರ್ಷ. ಅಂದರೆ ಜಾಲಿ, ಕಡಲೆಕಾಯಿ ಬಿಟ್ಟರೆ ಬೇರೇನೂ ಕಾಣದ ನಮ್ಮ ಬಯಲು ಸೀಮೆಯಲ್ಲೂ ಒಂದು ಕಾಲಕ್ಕೆ ಕಡಲ ತಳ ಇತ್ತು! ಇದನ್ನು ಕೇಳಿ ಹೆಂಡತಿ ‘ಹಂಗಾದ್ರೆ ನಾನು ನೋಡಿದ ಸಮುದ್ರ ಇದು ಎರಡನೇದು’ ಎಂದಳು.

ಐದನೆಯ ಆಟ ಅಜ್ಜಿಯದು. ಮರದ ನೆರಳಲ್ಲಿ ಮರಳಿನ ಮೇಲೆ ಬೆರಳಿನಿಂದ ಐದು ಸಾಲು, ಐದು ಕಾಲಮ್ಮಿನ ಚೌಕಾಬಾರದ ಮನೆ ಬರೆದಳು. ನಾನು ತಂದಿದ್ದ ನಾಲ್ಕು ಕವಡೆ ಕೈಗೆ ಬಂತು. ಕಾಯಿಗಳಿಗೆ ದಂಡೆಯ ಚಿಪ್ಪುಗಳು: ಒಬ್ಬರಿಗೆ ಬಿಳಿ, ಒಬ್ಬರಿಗೆ ಕಂದು, ಒಬ್ಬರಿಗೆ ಗೆರೆಯವು, ಒಬ್ಬರಿಗೆ ಸುರುಳಿಯವು. ಈ ದ್ವೀಪದ ಒಂದು ಬದಿಯಲ್ಲಿ ಚಿಪ್ಪುಗಳದ್ದೇ ಹಾಸಿಗೆ. ನಾಲ್ಕೂ ಕವಡೆ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಮುಚ್ಚಿ ಬಿದ್ದರೆ ಬಾರ, ಅಂದರೆ ಎಂಟು. ಪಕ್ಕದಲ್ಲಿ ಫೋನಿಗೆ ಸಿಗ್ನಲ್ ಹುಡುಕುತ್ತಿದ್ದ ಎರಡು ಮನೆಯ ಮಕ್ಕಳು ಬಂದು ಸುತ್ತ ಕೂತರು. ನನ್ನ ಹೆಂಡತಿ ಯಾರನ್ನೂ ಗೆಲ್ಲಲು ಬಿಡುವವಳಲ್ಲ. ಮಂಡಿ ನೋಯಬಹುದು, ಕವಡೆ ಹಾಕುವ ಮುಂಗೈ ಇನ್ನೂ ಹದಿನಾರರದ್ದೇ.

ಆಟದ ನಡುವೆ ಮೊಮ್ಮಗಳ ಒಂದು ಕಾಯಿ ತಾನಾಗಿಯೇ ಎದ್ದು ಎರಡು ಮನೆ ಮುಂದೆ ಹೋಯಿತು! ಕಿರುಚಾಟವೋ ಕಿರುಚಾಟ. ಸುರುಳಿ ಚಿಪ್ಪಿನೊಳಗೆ ಸನ್ಯಾಸಿ ಏಡಿ ಇತ್ತು. ಈ ಏಡಿಗೆ ಹೊಟ್ಟೆಯ ಭಾಗ ಮೆತ್ತಗೆ, ಸ್ವಂತ ಕವಚ ಸಾಲದು. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪನ್ನು ಮನೆ ಮಾಡಿಕೊಳ್ಳುತ್ತದೆ. ಬೆಳೆದಂತೆ ದೊಡ್ಡ ಚಿಪ್ಪಿಗೆ ವರ್ಗವಾಗುತ್ತದೆ. ವರ್ಗಾವರ್ಗಿಯ ನೌಕರಿ ಮಾಡಿದವನಿಗೆ ಆ ಕಷ್ಟ ಚೆನ್ನಾಗಿ ಗೊತ್ತು. ಚೀಲ ತುಂಬ ಚಿಪ್ಪು ಆರಿಸಿದ್ದ ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ ‘ನಾನು ಇಷ್ಟು ತಗೊಂಡ್ರೆ ಎಷ್ಟು ಏಡಿಗೆ ಮನೆ ಇರಲ್ಲ?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅವಳೇ ಎಲ್ಲವನ್ನೂ ಬಣ್ಣವಾರು ಸಾಲಾಗಿ ಜೋಡಿಸಿ, ಅಪ್ಪನ ಕೈಲಿ ಫೋಟೊ ತೆಗೆಸಿ, ದಂಡೆಗೇ ಹರಡಿ ಬಂದಳು. ಚಿಪ್ಪು ಜೋಡಿಸುವುದು ಆರನೆಯ ಆಟ, ತಿರುಗಿ ಹರಡುವುದು ಏಳನೆಯದು ಎಂದು ಬರೆದುಕೊಂಡೆ.

ಎಂಟನೆಯದು ಕಿವಿಯ ಆಟ. ದೊಡ್ಡ ಚಿಪ್ಪನ್ನು ಕಿವಿಗಿಟ್ಟರೆ ಕಡಲಿನ ಮೊರೆತ ಕೇಳುತ್ತದೆ ಅಲ್ಲವೇ? ಈಗ ಮನೆಯಿಂದ ತಂದ ಸ್ಟೀಲ್ ಲೋಟವನ್ನು ಕಿವಿಗಿಡಿ. ಅದೂ ಮೊರೆಯುತ್ತದೆ! ಚಿಪ್ಪಿನೊಳಗೆ ಕಡಲಿಲ್ಲ. ಸುತ್ತಲಿನ ಸಣ್ಣ ಸದ್ದುಗಳು ಟೊಳ್ಳಿನೊಳಗೆ ಅನುರಣಿಸಿ ಹಾಗೆ ಕೇಳುತ್ತವೆ. ಲೋಟ ದೊಡ್ಡದಾದರೆ ದನಿ ದಪ್ಪ, ಚಿಕ್ಕದಾದರೆ ಸಣ್ಣ. ಇದನ್ನು ಓದುತ್ತಿರುವ ನೀವು ದ್ವೀಪಕ್ಕೆ ಹೋಗಬೇಕಾಗಿಯೂ ಇಲ್ಲ, ಅಡುಗೆಮನೆಗೆ ಹೋದರೆ ಸಾಕು.

ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ. ಸಂಜೆಯೊಳಗೆ ಮರಳಿ ಬಂದು ಒಂಬತ್ತನೆಯ ಆಟ ಆಡಿದೆವು. ಒಂದು ಲೋಟ ಸಮುದ್ರದ ನೀರನ್ನು ಅಗಲವಾದ ತಟ್ಟೆಗೆ ಸುರಿದು ಬಿಸಿಲಿನ ಮಹಡಿಯಲ್ಲಿಟ್ಟೆವು. ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಮೂರನೆಯ ದಿನ ತಟ್ಟೆಯ ತಳದಲ್ಲಿ ಬಿಳಿ ಪುಡಿ, ನಡುನಡುವೆ ಪುಟ್ಟ ಚೌಕದ ಹರಳು. ಸುತ್ತಲೂ ನೀರಿದ್ದರೂ ದ್ವೀಪದಲ್ಲಿ ನಾವು ಕುಡಿದದ್ದು ಪಾವಗಡದಿಂದ ಹೊತ್ತು ತಂದ ಕ್ಯಾನಿನ ನೀರು ಏಕೆ ಎಂಬುದು ಮಕ್ಕಳಿಗೆ ಆಗ ನಾಲಿಗೆಯ ತುದಿಯಲ್ಲೇ ಅರ್ಥವಾಯಿತು. ನೀರು ಇರುವುದು ಬೇರೆ, ಕುಡಿಯುವ ನೀರು ಇರುವುದು ಬೇರೆ. ನಮ್ಮ ಊರಿನವರಿಗೆ ಇದು ಹೊಸ ಪಾಠವಲ್ಲ.

ಮಗ ಸೊಸೆ ಮರುದಿನ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿಕೊಂಡು ಬಂದರು. ಬಣ್ಣಬಣ್ಣದ ಮೀನು ನೋಡಿದ ಖುಷಿ ಅವರ ಮುಖದಲ್ಲಿತ್ತು. ನನಗೂ ಸಂತೋಷವಾಯಿತು. ಅವರ ವಯಸ್ಸಿನ ಆಟ ಅವರಿಗೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಮಗ ತನ್ನ ಮೀನಿನ ಕಥೆ ಅರ್ಧ ಹೇಳುವಷ್ಟರಲ್ಲಿ ಮಕ್ಕಳು ನನ್ನ ಪುಸ್ತಕ ತಂದು ಕಾಲಂ ತೋರಿಸತೊಡಗಿದರು. ಅವನು ಪುಟ ತಿರುವುತ್ತಾ ಹೋದ. ಕೊನೆಗೆ ‘ಅಪ್ಪ, ನಾಳೆ ನಾವು ಹೊರಡೋದು ಮಧ್ಯಾಹ್ನ ಅಲ್ವಾ? ಬೆಳಗ್ಗೆ ಆ ಕಡ್ಡಿ ನೆಡೋದಕ್ಕೆ ನನ್ನನ್ನೂ ಎಬ್ಬಿಸಿ’ ಎಂದ. ರೂಮಿನಲ್ಲೇ ಇರಲಿ ಎಂಬ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ನನ್ನ ವಯಸ್ಸಿನವರಿಗೆ ಎರಡು ಸಲಹೆ. ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರುವರಿ ಒಳಗೆ ಹೋಗಿ, ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಟೋಪಿ, ಹಿಡಿತವಿರುವ ಚಪ್ಪಲಿ, ಮಾತ್ರೆ, ನೀರು ಮರೆಯಬೇಡಿ. ಒದ್ದೆ ಬಂಡೆ ಏರಬೇಡಿ, ಮೊಮ್ಮಕ್ಕಳನ್ನೂ ಏರಿಸಬೇಡಿ. ಕಾವಲುಗಾರರು ಬೇಡವೆಂದ ಕಡೆ ನೀರಿಗಿಳಿಯಬೇಡಿ. ಕೊಂಡೊಯ್ದ ಕಸವನ್ನೆಲ್ಲ ವಾಪಸು ತನ್ನಿ. ಎರಡನೆಯದು, ನಿಮಗೆ ಗೊತ್ತಿರುವುದನ್ನು ಕೀಳಾಗಿ ಕಾಣಬೇಡಿ. ಕೆರೆ ಒಣಗುವುದನ್ನು ಐವತ್ತು ಬೇಸಿಗೆ ನೋಡಿದ ಕಣ್ಣಿಗೆ ಆ ಕಲ್ಲಿನ ಕಂಬಗಳ ಗುಟ್ಟು ಬೇಗ ತಿಳಿಯುತ್ತದೆ. ಮೊಮ್ಮಕ್ಕಳಿಗೆ ಅದನ್ನು ಹೇಳಲು ಈಜು ಬರಬೇಕಾಗಿಲ್ಲ. ಮಕ್ಕಳಿಗೆ ಒಂದೇ ಸಲಹೆ: ಪ್ರವಾಸಕ್ಕೆ ಹೊರಡುವಾಗ ಒಂದು ನೋಟ್ ಬುಕ್ಕು, ಒಬ್ಬ ತಾತ ಅಥವಾ ಅಜ್ಜಿ ಇವೆರಡನ್ನೂ ತಪ್ಪದೆ ಚೀಲದ ಜೊತೆ ಕರೆದೊಯ್ಯಿರಿ.

ಏಪ್ರಿಲ್ ರಜೆಗೆ ಮೊಮ್ಮಕ್ಕಳು ನಾಗಲಮಡಿಕೆಗೆ ಬಂದರು. ಹಿಂದೆಲ್ಲ ಎರಡು ದಿನಕ್ಕೇ ‘ಬೋರು’ ಎಂದು ಗಂಟು ಕಟ್ಟುತ್ತಿದ್ದವರು. ಈ ಸಲ ಬಂದ ಬೆಳಗ್ಗೆಯೇ ಮೊಮ್ಮಗ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದುಕೊಂಡು ಕೆರೆಯಂಗಳಕ್ಕೆ ನಡೆದ. ಮಣ್ಣಿನ ಬಿಲ್ಲೆಗಳ ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ಮೇಲ್ಪದರ ಮೊದಲು ಒಣಗಿ ಕುಗ್ಗುವುದರಿಂದ ಹಾಗೆ. ಬಿಸಿಲಲ್ಲಿ ಮಂಡಿಯೂರಿ ಮೂಲೆಗಳನ್ನು ಅಳೆದ. ‘ತಾತ, ಇಲ್ಲಿ 120 ಕಮ್ಮಿ. 90ರ ಹತ್ತಿರದ್ದೇ ಜಾಸ್ತಿ. ಬಿರುಕು ಟಿ ಆಕಾರದಲ್ಲಿ ಸೇರ್ತಾವೆ.’

ನೋಡಿದರೆ ನಿಜ. ಮಣ್ಣಿನಲ್ಲಿ ಬಿರುಕುಗಳು ಒಂದಾದ ಮೇಲೊಂದು ಹುಟ್ಟುತ್ತವೆ. ಆಮೇಲೆ ಬಂದದ್ದು ಮೊದಲಿನದಕ್ಕೆ ನೇರವಾಗಿ ಬಂದು ಡಿಕ್ಕಿ ಹೊಡೆದು ನಿಲ್ಲುತ್ತದೆ. ಅದಕ್ಕೇ 90. ಅದೇ ಮಣ್ಣು ಮತ್ತೆ ನೆನೆದು ಮತ್ತೆ ಒಣಗುವುದು ಹಲವು ಸಲ ಆದರೆ ಮೂಲೆಗಳು ನಿಧಾನವಾಗಿ ಸರಿದು 120ರ ಕಡೆ ಹೋಗುತ್ತವೆ. ಕಲ್ಲಿನ ಬಿರುಕಿಗೆ ಕೆಳಗಿಳಿಯುತ್ತಾ ತಿದ್ದಿಕೊಳ್ಳಲು ಸಮಯ ಸಿಕ್ಕಿತ್ತು. ಕೆರೆಯ ಮಣ್ಣಿಗೆ ಸಿಕ್ಕಿರುವುದು ಒಂದೇ ಬೇಸಿಗೆ.

‘ಹಂಗಾದ್ರೆ ಕೆರೆ ತುಂಬಿ ಒಣಗಿದಾಗಲೆಲ್ಲ ಬಂದು ಅಳೀಬೇಕು’ ಎಂದು ಅವನು ಪುಸ್ತಕದಲ್ಲಿ ಮುಂದಿನ ಐದು ವರ್ಷದ ಕಾಲಂ ಹಾಕಿಟ್ಟಿದ್ದಾನೆ. ಪುಸ್ತಕ ನಮ್ಮ ಮನೆಯ ಬೀರುವಿನಲ್ಲೇ ಇದೆ, ಅಲ್ಲೇ ಇರಬೇಕೆಂದು ಅವನ ಅಪ್ಪಣೆ. ಇನ್ನು ಕೆರೆ ತುಂಬುವುದೊಂದು ಬಾಕಿ.